ಕಾರ್ಬುರೇಟರ್ ಸಾಹೇಬರಿಗೆ ಹೆಣ್ಣಿನ ತಂದೆಯ ಅರಿಕೆ

ಶನಿವಾರ ಪೇಠೆ, ಪುಣೆ
ಮೇ ೧೯೪೬

ಮೋಟಾರು ಗರಗಸದಲ್ಲಿ ವಿರಾಜಮಾನರಾಗಿ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಘನಕಾರ್ಯವನ್ನು ಮನಸ್ಸು ಬಂದಾಗ ಮಾತ್ರ ನಡೆಸುವ ಶ್ರೀಮಾನ್ ಕಾರ್ಬುರೇಟರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ, ನಾವಲ್ಲ. ಯುದ್ಧ ಮುಗಿದ ಮೇಲೆ ಖಡಕಿಯ ಮಿಲಿಟರಿ ಸಾಮಾನಿನ ಹರಾಜಿನಲ್ಲಿ ತಮ್ಮನ್ನು ಕೊಂಡು ತಂದು, ಇನ್ನು ಕೊಡಲಿಯ ಹಂಗಿಲ್ಲವೆಂದು ಪೇಠೆಯ ತುಂಬ ಹೇಳಿಕೊಂಡು ತಿರುಗಿದವನು ನಾನೇ. ಕಳೆದ ವಾರದ ಬಿರುಗಾಳಿಗೆ ಬೇವಿನ ಮರ ನಮ್ಮ ವಾಡೆಯ ಬಾಗಿಲಿಗೆ ಅಡ್ಡ ಬಿದ್ದಿತು. ಮಗಳು ಇಂದೂಳನ್ನು ನೋಡಲು ಬೆಳಗಾವಿಯವರು ಮರುದಿನವೇ ಬರುವವರಿದ್ದರೂ, ಕಟ್ಟಿಗೆ ಒಡೆಯುವ ಬಾಳುವನ್ನು ಕರೆಸಿರೆಂದು ಹೆಂಡತಿ ರಂಗೂಬಾಯಿ ಬಾಯಿ ನೋಯುವಷ್ಟು ಹೇಳಿದರೂ, ತಮ್ಮ ಮೇಲಿನ ಭರವಸೆಯಿಂದ ನಾನು ಕರೆಸಲಿಲ್ಲ.

ತಮ್ಮ ಶೀಲವನ್ನು ಎಷ್ಟು ಹೊಗಳಿದರೂ ಕಡಿಮೆ. ಗರಗಸ ನೆಟ್ಟಗಿರುವ ತನಕ ಗುಡುಗುತ್ತೀರಿ. ಮರಕ್ಕೆ ತಕ್ಕಂತೆ ತುಸು ಓರೆ ಹಿಡಿದರೆ ಉಸಿರು ನಿಲ್ಲಿಸುತ್ತೀರಿ. ತುಸು ಓರೆಯಾಗದೆ ಯಾವ ಕಚೇರಿಯಲ್ಲೂ ಪೆಟ್ರೋಲಿನ ಕೂಪನ್ನು ಹುಟ್ಟದ ಈ ರೇಶನ್ ಕಾಲದಲ್ಲಿ ಇಂಥ ನಡತೆ ಕಂಡು ನನ್ನ ಕಣ್ಣು ತುಂಬಿ ಬಂತು. ಅರ್ಧ ತಮ್ಮ ಹೊಗೆಯಿಂದ.

ಬೀಗರಾಗಬೇಕಾದವರು ಬಂದು ಬೀದಿಯಲ್ಲೇ ನಿಂತರು. ಹುಡುಗ ಶ್ಯಾಮ ಅಂಗಿಯ ತೋಳು ಮಡಚಿ ತಮ್ಮನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಊದಿ, ಮತ್ತೆ ಜೋಡಿಸಿದ. ತಿರುಪು ಬಿಗಿದರೆ ಪೆಟ್ರೋಲು ಸಾಲದೆಂದು ನಿಂತಿರಿ, ಸಡಿಲಿಸಿದರೆ ಹೆಚ್ಚಾಯಿತೆಂದು ಕಪ್ಪು ಹೊಗೆ ಉಗುಳಿ ನಿಂತಿರಿ. "ಇನ್ನೊಂದೀಟ ತಿರುವೋ, ಹತ್ತತದ" ಎಂದು ಹುಡುಗನ ತಂದೆ ರಾಘಣ್ಣನವರು, ದಾರಿಹೋಕರು, ನಾನು, ಎಲ್ಲರೂ ಒಂದೊಂದು ಕೈ ನೋಡಿದೆವು. ಮರದ ಆಚೆ ಇಂದೂ ಅವಲಕ್ಕಿಯ ತಟ್ಟೆ ಹಿಡಿದು ನಿಂತೇ ಇದ್ದಳು. ಆ ಹುಡುಗ ಅವಳ ಕಡೆ ಕೈ ಚಾಚಿದ್ದು ಒಮ್ಮೆ ಮಾತ್ರ, ತಮ್ಮ ಸಣ್ಣ ತೂತಿನ ಕಸ ತೆಗೆಯಲು ಅವಳ ತಲೆಯ ಪಿನ್ನು ಬೇಕಾಗಿ. ಆಗಲೂ ಮುಖ ತಮ್ಮ ಕಡೆಗೇ ಇತ್ತು. ರೈಲಿನ ಹೊತ್ತಾಯಿತೆಂದು ಬೆಳಗಾವಿಯವರು ಹೊರಟುಹೋದರು. ಬಾಳು ಮರುದಿನ ಬಂದು ದಾರಿ ಬಿಡಿಸಿದ.

ನಿನ್ನೆ ಬೆಳಗಾವಿಯಿಂದ ಒಪ್ಪಿಗೆ ಬಂತು: ಹುಡುಗಿ ಪಸಂದಂತೆ, ವರದಕ್ಷಿಣೆಯ ಜೊತೆ ಆ ಗರಗಸವೂ ಬೇಕಂತೆ. ನಾನು ಹಿಗ್ಗಿದೆ. ಇಂದೂ ಹಿಗ್ಗಲಿಲ್ಲ. "ಅಪ್ಪಾ, ಅವರು ನೋಡಿ ಹೋಗಿದ್ದು ಅದನ್ನರಿ. ಅದನ್ನ ಕಳಿಸಿಕೊಡ್ರಿ, ನಾ ಒಲ್ಲೆ" ಎಂದಳು. ಆ ದಿನವೆಲ್ಲ ನಾನೂ ಅದನ್ನೇ ನೋಡುತ್ತ ನಿಂತಿದ್ದೆನೆಂದು ಮಾತ್ರ ಅವಳು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಆದಕಾರಣ ತಾವೊಬ್ಬರೇ ಬೀಗರ ಮನೆಗೆ ದಯಮಾಡಿಸಬೇಕು. ಅಲ್ಲಿ ಯಾರು ಎಷ್ಟೇ ತಿರುವಿದರೂ ಇಲ್ಲಿಯಂತೆಯೇ ನಡೆದುಕೊಂಡು ತವರಿನ ಹೆಸರು ಉಳಿಸಬೇಕೆಂದು, ಸೆರಗಿಲ್ಲದ ತಮಗೆ ಧೋತರದ ಚುಂಗಿನಲ್ಲೇ ಉಡಿ ತುಂಬಿ ಬೇಡಿಕೊಳ್ಳುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದ,
ಪ್ರಲ್ಹಾದ ಹಂಪಿಹೊಳಿ

ತಾ.ಕ.: ರಾಘಣ್ಣನವರಿಗೆ ಇನ್ನೊಬ್ಬ ಮಗನಿದ್ದಾನಂತೆ. ನಮ್ಮಲ್ಲಿ ಒಂದು ಹೊಲಿಗೆಯ ಯಂತ್ರವೂ ಇದೆ. ಅವನು ಬಂದು ನೋಡಬಹುದು. ಇಂದೂ ಆ ದಿನ ಗೆಳತಿಯರ ಜೊತೆ ಪರ್ವತಿ ಗುಡ್ಡಕ್ಕೆ ಹೋಗುವವಳಿದ್ದಾಳೆ.