ಸ್ಕೂಟರ್ ಬಿಟ್ಟು ಷೇರು ಹಿಡಿದಿದ್ದು

ಪೀಣ್ಯದ ಫ್ಯಾಕ್ಟರೀಲಿ ನಾನು ಇನ್ಸ್‌ಪೆಕ್ಷನ್‌ನವನು. ಕೂದಲೆಳೆಯಷ್ಟು ವ್ಯತ್ಯಾಸ ಇದ್ರೂ ಮಾಲು ವಾಪಸ್. ಆದರೆ ನನ್ನ ಸ್ವಂತ ವಿಷಯಕ್ಕೆ ಬಂದ್ರೆ ಮಾರುದ್ದದ ತಪ್ಪೂ ಕಣ್ಣಿಗೆ ಬೀಳಲ್ಲ. ಎಂಬತ್ತರ ದಶಕದ ಆ ಒಂದು ವರ್ಷವಂತೂ ಬರೀ ಇಂಥದ್ದೇ ಆಯ್ತು.

ಚಕ್ರ ಎಲ್ಲಿ?

ಆಗ ಸ್ಕೂಟರ್ ಬೇಕಂದ್ರೆ ಬುಕ್ ಮಾಡಿ ವರ್ಷಗಟ್ಟಲೆ ಕಾಯ್ಬೇಕಿತ್ತು. ನಾವೂ ದುಡ್ಡು ಕೂಡಿಡ್ತಾ ಕಾಯ್ತಿದ್ವಿ. ಅಷ್ಟರಲ್ಲಿ ನಮ್ಮ ಪಕ್ಕದ ಶೆಡ್ಡಿನ ಕಂಪ್ಯೂಟರ್ ಕಂಪನಿ ಷೇರು ಬಿಡ್ತು. ನನ್ನ ತಲೇಲಿ ಅದ್ಯಾವ ಗಾಳಿ ಹೊಕ್ಕಿತೋ, ಬುಕಿಂಗ್ ಕ್ಯಾನ್ಸಲ್ ಮಾಡಿ ಅಷ್ಟೂ ದುಡ್ಡು ಅಲ್ಲಿ ಹಾಕ್ಬಿಟ್ಟೆ. ಹೆಂಡತಿಗೆ ಕೋಪ ಬರದೇ ಇರಲಿ ಅಂತ ಅವಳ ಹೆಸರಲ್ಲೇ ತಗೊಂಡೆ. ಪಾಪ, ಸ್ಕೂಟರ್ ಫಾರಂ ಅಂದ್ಕೊಂಡು ಸೈನ್ ಹಾಕಿದ್ಲು.

ಎರಡು ತಿಂಗಳಿಗೆ ಪೋಸ್ಟಲ್ಲಿ ಷೇರು ಪತ್ರ ಬಂತು. ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ಲು: "ರೀ, ಇದಕ್ಕೆ ಚಕ್ರ ಎಲ್ಲಿದೆ?"

ಗೇಟಿನ ಲೆಕ್ಕ

ಕಂಪನಿಯ ಆರು ತಿಂಗಳ ಲೆಕ್ಕ ಪೇಪರಲ್ಲಿ ಬಂತು. ವ್ಯಾಪಾರ ಜಾಸ್ತಿ, ಲಾಭ ಮಾತ್ರ ಅರ್ಧ! ಷೇರು ಬೆಲೆ ದಬದಬನೆ ಬಿತ್ತು. ಆ ಪೇಪರನ್ನ ಫ್ಯಾಕ್ಟರಿಗೂ ಹಿಡ್ಕೊಂಡು ಹೋದೆ.

ನಮ್ಮ ಫೋರ್‌ಮನ್ ಧೈರ್ಯ ಹೇಳಿದ. "ಪೇಪರ್ ಏನ್ ನೋಡ್ತೀಯ ಗುರು? ಗೇಟ್ ನೋಡ್ಬೇಕು. ಲಾರಿ ಹೋಗ್ತಿದ್ರೆ ಕಂಪನಿ ಚೆನ್ನಾಗಿದೆ ಅಂತ ಅರ್ಥ."

ಊಟದ ಹೊತ್ತಲ್ಲಿ ಇಬ್ಬರೂ ಆ ಗೇಟಿನ ಎದುರು ಟೀ ಅಂಗಡೀಲಿ ಕೂತ್ವಿ. ಅರ್ಧ ಗಂಟೇಲಿ ಏಳು ಲಾರಿ, ಎಲ್ಲಾ ತುಂಬ್ಕೊಂಡು ಹೊರಗೆ ಬಂದ್ವು. ಫೋರ್‌ಮನ್ ನನ್ನ ಬೆನ್ನು ತಟ್ಟಿ, "ಸಕ್ಕತ್! ಇನ್ನೂ ಹತ್ತು ಷೇರು ತಗೋ" ಅಂದ.

ಟೀ ಅಂಗಡಿಯವನು ಲೋಟ ತೊಳೀತಾ, "ಅದು ಮಣ್ಣು ಸಾರ್. ಒಳಗೆ ಹೊಸ ಶೆಡ್ಡಿಗೆ ಪಾಯ ತೆಗೀತಾವ್ರೆ" ಅಂದ.

ಫೋರ್‌ಮನ್ ಸೋಲ್ತಾನಾ? "ಮಣ್ಣಿಗೂ ರೇಟ್ ಇದೆ ಕಣೋ!"

ಗೌಡರ ಬಾವಿ

ಮಾದನಾಯಕನಹಳ್ಳೀಲಿ ನಮ್ಮ ಮನೆ ಓನರು ಗೌಡರು. ಅವರ ಮುಂದೆ ಗೋಳು ತೋಡ್ಕೊಂಡೆ. ಹೆಂಡತಿ ಕಾಫಿ ತಂದಿಟ್ಟು ಅಲ್ಲೇ ನಿಂತಿದ್ಲು.

"ಲಾಬ ಯಾಕ್ ಇಳೀತಂತೆ?" ಅಂದ್ರು ಗೌಡರು.

"ಹೊಸ ಶೆಡ್ ಕಟ್ತಿದ್ದಾರೆ, ಮೆಷಿನ್ ತರಿಸ್ತಿದ್ದಾರೆ."

"ನಾನು ಬಾವಿ ತೋಡಿಸಿದ್ ವರ್ಸ ನಮ್ಮನೇಲಿ ಯುಗಾದಿಗೆ ಒಬ್ಬಟ್ಟೇ ಮಾಡ್ಲಿಲ್ಲ. ಗೌಡ ಕೆಟ್ಟ ಅಂತ ನೆಂಟ್ರೆಲ್ಲ ಆಡ್ಕಂಡ್ರು. ಮಾರನೇ ವರ್ಸ ಅವ್ರೇ ಬಿಂದಿಗೆ ಇಡ್ಕಂಡ್ ಬಂದ್ರು. ಇದೂ ಅಂಗೇ ಕಣ್ರೀ, ಕಾಯಿರಿ."

ನನಗೆ ಹೋದ ಜೀವ ಬಂತು. "ಹಾಗಾದ್ರೆ ನೀವೂ ಸ್ವಲ್ಪ ತಗೊಳ್ಳಿ ಗೌಡ್ರೇ!"

"ಉಹೂಂ! ಬಾವಿ ಆದ್ರೆ ಬಗ್ಗಿ ನೋಡ್ಬೋದು."

ಸೈನ್ ಸರಿಯಿಲ್ಲ

ಬೆಲೆ ಇನ್ನೂ ಇಳಿದಾಗ ನನ್ನ ಧೈರ್ಯ ಕೆಟ್ಟೋಯ್ತು. ಮಾರಿಬಿಡೋಣ ಅಂತ ಫಾರಂ ತಂದೆ. ಹೆಂಡತಿ ಮರುಮಾತಾಡದೆ ಸೈನ್ ಹಾಕಿದ್ಲು. ತಿಂಗಳಾದ ಮೇಲೆ ಕಂಪನಿಯಿಂದ ವಾಪಸ್ ಬಂತು: ಮೊದಲಿನ ಸೈನಿಗೂ ಇದಕ್ಕೂ ಹೊಂದಲ್ಲ. ಇನ್ನೊಂದು ಸಲ ಹಾಕಿಸಿದೆ. ಅದೂ ವಾಪಸ್!

"ಒಂದು ಸೈನ್ ನೆಟ್ಟಗೆ ಹಾಕೋಕೆ ಬರಲ್ವೇನೇ?" ಅಂತ ಕೂಗಾಡಿದೆ. ಅವಳು, "ಕೈ ನಡುಗುತ್ತೆ ಕಣ್ರೀ" ಅಂದ್ಲು.

ಇದೇ ಗಲಾಟೇಲಿ ಇನ್ನೊಂದು ಆರು ತಿಂಗಳ ಲೆಕ್ಕ ಬಂದೇಬಿಡ್ತು. ಹೊಸ ಶೆಡ್ ಶುರುವಾಗಿತ್ತು. ಲಾಭ ದುಪ್ಪಟ್ಟು! ಬೆಲೆ ನಾನು ಕೊಂಡಿದ್ದಕ್ಕಿಂತ ಎಷ್ಟೋ ಮೇಲೆ. ಪೇಪರ್ ಹಿಡ್ಕೊಂಡು ಅಡುಗೆಮನೆಗೆ ಓಡಿದೆ.

"ನಿನ್ನ ಕೆಟ್ಟ ಸೈನೇ ನಮ್ಮನ್ನ ಕಾಪಾಡ್ತು ಕಣೇ!"

ಅವಳು ಕೈ ಒರೆಸ್ಕೊಂಡು, ನನ್ನ ಜೇಬಿನ ಪೆನ್ನು ತಗೊಂಡು, ಪೇಪರಿನ ಅಂಚಲ್ಲಿ ಮೂರು ಸೈನ್ ಹಾಕಿದ್ಲು. ಮೂರೂ ಅಚ್ಚು ಒತ್ತಿದ ಹಾಗೆ ಒಂದೇ ಥರ. ಕೈ ಒಂಚೂರೂ ನಡುಗಲಿಲ್ಲ. ಇನ್ಸ್‌ಪೆಕ್ಷನ್‌ನವನು ಬಗ್ಗಿ ಹುಡುಕಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಸಿಗಲಿಲ್ಲ.

"ನೀರು ಬರೋಕೆ ಮುಂಚೆ ಯಾರಾದ್ರೂ ಬಾವಿ ಮುಚ್ತಾರೇನ್ರೀ? ತಗೊಳ್ಳೋವಾಗ ನೀವು ನನ್ನ ಕೇಳಿರ್ಲಿಲ್ಲ. ಮಾರೋದನ್ನ ತಡೆಯೋವಾಗ ನಾನು ನಿಮ್ಮನ್ನ ಕೇಳಲಿಲ್ಲ. ಸರಿಹೋಯ್ತು."

ಆಮೇಲೆ ಒಲೆ ಕಡೆ ತಿರುಗಿ ಅಂದ್ಲು: "ಈಗ ಫಾರಂ ತನ್ನಿ. ಒಂದು ಸ್ಕೂಟರಿಗೆ ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ ಸರಿಯಾಗಿ ಸೈನ್ ಹಾಕ್ತೀನಿ!"