ಗೋಡೆಯ ಮೇಲಿನ ಗ್ರಂಥಾಲಯ

ಬರೆದದ್ದನ್ನು ಕಣ್ಣು ಮುಚ್ಚಿ ನಂಬುವವರು ಈ ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಏನು ಮಾಡಿದರೂ ನಂಬದವರೂ ಇದ್ದಾರೆ. ಅಂಥವಳೊಬ್ಬಳು ನಮ್ಮ ಮನೆಯಲ್ಲೇ ಇದ್ದಾಳೆ, ಆ ಮಾತು ಮುಂದೆ ಬರುತ್ತದೆ. ಆದರೆ ತಾನೇ ಬರೆದು, ತಾನೇ ಓದಿ, ತಾನೇ ನಂಬಿ, ಮೇಲೆ ನಾಲ್ಕು ಮಂದಿಗೆ ಸಾರಿ ಹೇಳಿ ಬರುವವನು ಬಹುಶಃ ನಾನೊಬ್ಬನೇ. ನಾನು ಬಸವಕಲ್ಯಾಣದ ಪೇಂಟರ್ ವೈಜಿನಾಥ. ಅಂಗಡಿಯ ಬೋರ್ಡು, ಟ್ರ್ಯಾಕ್ಟರ್ ಟ್ರಾಲಿಯ ಬೆನ್ನು, ರಸ್ತೆ ಬದಿಯ ಗೋಡೆ, ಹೀಗೆ ಸಿಕ್ಕಸಿಕ್ಕ ಕಡೆಯಲ್ಲೆಲ್ಲ ಮೂವತ್ತು ವರ್ಷದಿಂದ ಅಕ್ಷರ ಬರೆದುಕೊಂಡು ಬಂದಿದ್ದೇನೆ. ಹತ್ತನೆಯ ತರಗತಿಯ ಗಣಿತ ನನ್ನನ್ನು ಕುತ್ತಿಗೆ ಹಿಡಿದು ಶಾಲೆಯಿಂದ ಹೊರಗೆ ದಬ್ಬಿತು. ಆದ್ದರಿಂದ ಕಾಲೇಜು ಎಂಬುದನ್ನು ನಾನು ಹೊರಗೋಡೆಯ ಕಡೆಯಿಂದ ಮಾತ್ರ ಬಲ್ಲೆ.

ನನಗೊಂದು ರೋಗವಿದೆ. ಬ್ರಷ್ ಹಿಡಿದು ಒಂದು ಶಬ್ದ ಬರೆಯತೊಡಗಿದೆನೆಂದರೆ ಆ ಶಬ್ದದೊಳಗೇ ಹೊಕ್ಕುಬಿಡುತ್ತೇನೆ. ಖಾನಾವಳಿಯ ಬೋರ್ಡಿನಲ್ಲಿ 'ಬಿಸಿ ಜೋಳದ ರೊಟ್ಟಿ' ಎಂದು ಬರೆಯುವಾಗ ರೊಟ್ಟಿ ಬಡಿಯುವ ಸದ್ದು ಕಿವಿಗೆ ಬಂದು, ಕೆಲಸ ಅರ್ಧಕ್ಕೇ ಬಿಟ್ಟು ಒಳಗೆ ಹೋಗಿ ಉಂಡು ಬಂದಿದ್ದೇನೆ. ಹಲ್ಲಿನ ಡಾಕ್ಟರ ಬೋರ್ಡು ಬರೆದ ದಿನ ಸಂಜೆಯವರೆಗೆ ದವಡೆ ನೋವು. 'ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು' ಎಂಬ ಒಂದೇ ಸಾಲು ಬರೆಯುವುದರೊಳಗೆ ಮೂರು ಸಲ ಏಣಿ ಇಳಿದಿದ್ದೇನೆ. ಇಳಿದು ಎಲ್ಲಿಗೆ ಹೋದೆ ಎಂದು ದಯವಿಟ್ಟು ಕೇಳಬೇಡಿ. "ನಿಮಗ ಏಣಿ ಮ್ಯಾಲೇ ನಿದ್ದಿ ಹತ್ತತದ ನೋಡ್ರಿ, ಒಂದಿನ ಬಿದ್ದು ಸೊಂಟ ಮುರಕೋತೀರಿ" ಎಂದು ನನ್ನ ಹೆಂಡತಿ ಕಸ್ತೂರಿ ಬೈಯುತ್ತಾಳೆ. ಅದು ನಿದ್ದೆಯಲ್ಲ. ಆದರೆ ಎಚ್ಚರ ಎಂದು ಹೇಳುವ ಧೈರ್ಯವೂ ನನಗಿಲ್ಲ. ಈಗಂತೂ ಫ್ಲೆಕ್ಸ್ ಮಷೀನು ಬಂದು, ಒಂದು ಕಪ್ ಚಹಾ ಮುಗಿಯುವುದರೊಳಗೆ ಬೋರ್ಡು ಉಗುಳಿ ಕೊಡುತ್ತದೆ. ಅದಕ್ಕೆ ಕನಸು ಕಾಣಲು ಪುರುಸೊತ್ತೆಲ್ಲಿ? ಆದರೂ ಗಾಳಿಗೆ ಫ್ಲೆಕ್ಸ್ ಹರಿಯುತ್ತದೆ, ಗೋಡೆ ಎಲ್ಲಿಗೂ ಹೋಗುವುದಿಲ್ಲ ಎಂದು ತಿಳಿದ ಪುಣ್ಯಾತ್ಮರು ಕೆಲವರು ಇನ್ನೂ ನನ್ನನ್ನು ಕರೆಯುತ್ತಾರೆ.

ಎರಡು ವರ್ಷದ ಹಿಂದೆ ಹುಮನಾಬಾದಿನ ಒಂದು ಕಾಲೇಜಿನವರು ಹಾಗೆ ಕರೆದರು. ಕಾಲೇಜಿನ ಹೆಸರು ಹೇಳುವುದಿಲ್ಲ, ಯಾಕೆಂದರೆ ತಪ್ಪು ಅವರದಲ್ಲ. ಬಸ್‌ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ತೊಗರಿ ಗೋದಾಮಿನ ಉದ್ದನೆಯ ಗೋಡೆಯೊಂದಿದೆ. ಊರಿಗೆ ಬಂದಿಳಿದವರೆಲ್ಲ ಅದರ ಮುಂದೆಯೇ ಹಾಯಬೇಕು. ಅವರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಮೂರೇ ಸಾಲು: ಕಾಲೇಜಿನ ಹೆಸರು, ಬಿ.ಕಾಂ., ಪ್ರವೇಶ ಆರಂಭವಾಗಿದೆ. ಎಷ್ಟು ದೊಡ್ಡದಾಗಿ ಬರೆದರೂ ಅರ್ಧ ಗೋಡೆಗೆ ಚೀಟಿ ಮುಗಿದುಹೋಯಿತು. ನಮ್ಮ ಕಸುಬಿನಲ್ಲಿ ಗೋಡೆ ಅರ್ಧ ಖಾಲಿ ಬಿಡುವುದೆಂದರೆ ಪಂಗತಿಯಲ್ಲಿ ಅರ್ಧ ಎಲೆಗೆ ಬಡಿಸಿ ಹೊರಟುಹೋದಂತೆ. ಫೋನು ಮಾಡಿದೆ. ಆ ಕಡೆಯವರು ಯಾವುದೋ ಮದುವೆಯಲ್ಲಿದ್ದರು. ಬ್ಯಾಂಡಿನ ಗದ್ದಲದ ನಡುವೆ, "ಚೊಲೋ ಕಾಣೂ ಹಂಗ ಏನರ ಬರೀರಿ ವೈಜಿನಾಥಪ್ಪ, ನಿಮಗ ಹೇಳಬೇಕೇನ್ರಿ?" ಎಂದರು. ಹುಚ್ಚನ ಕೈಗೆ ಬೆಂಕಿ ಪೊಟ್ಟಣ ಕೊಟ್ಟ ಹಾಗಾಯಿತು.

ನಮ್ಮ ಮಗಳು ಅಂಬಿಕಾ ಆಗಷ್ಟೇ ಹತ್ತನೆಯ ತರಗತಿ ಮುಗಿಸಿದ್ದಳು. "ಅಪ್ಪಾ, ನಾ ಕಾಮರ್ಸ್ ತಗೋತೀನಿ. ಸಿಎ ಆಗ್ತೀನಿ" ಎಂದು ಆ ವಾರವೇ ಹೇಳಿದ್ದಳು. ಸಿಎ ಎಂದರೆ ದೊಡ್ಡ ದೊಡ್ಡವರ ಲೆಕ್ಕ ತಪಾಸು ಮಾಡುವವರು ಎನ್ನುವಷ್ಟು ಮಾತ್ರ ನನಗೆ ಗೊತ್ತಿತ್ತು. ಏಣಿ ಹತ್ತಿ ಖಾಲಿ ಗೋಡೆ ನೋಡಿದೆ, ಗೋಡೆ ಕಾಣಲಿಲ್ಲ. ಎತ್ತರದ ಕಿಟಕಿಗಳು ಕಂಡವು, ಕಿಟಕಿಯ ಬಳಿ ಕೂತ ಅಂಬಿಕಾ ಕಂಡಳು, ಅವಳ ಮುಂದೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕ, ಹೊರಗೆ ಬೇವಿನ ಮರ, ಮರದ ಮೇಲೆ ಎಂಥದೋ ಹಕ್ಕಿ. 'ವಿಶಾಲವಾದ ಗ್ರಂಥಾಲಯ' ಎಂದು ಬರೆದೆ. 'ಮರದ ನೆರಳಿನಲ್ಲಿ ಓದುವ ವ್ಯವಸ್ಥೆ' ಎಂದು ಬರೆದೆ. 'ಸಿಎ ಪರೀಕ್ಷೆಗೆ ವಿಶೇಷ ತರಬೇತಿ' ಎಂದು ಬರೆದೆ. ಇನ್ನೂ ಒಂದು ಸಾಲಿನ ಜಾಗ ಉಳಿಯಿತು. 'ನಿಮ್ಮ ಮಗಳನ್ನು ನಮ್ಮ ಮಗಳಂತೆ ನೋಡಿಕೊಳ್ಳುತ್ತೇವೆ' ಎಂದು ಬರೆದು, ಕೆಂಪಿಗೆ ಹಳದಿ ನೆರಳು ಕೊಟ್ಟು ಕೆಳಗಿಳಿದಾಗ ನನ್ನ ಕಣ್ಣು ತುಂಬಿತ್ತು. ಕಾಲೇಜಿನವರೂ ಬಂದು ನೋಡಿ "ಭಾರಿ ಆಗ್ಯದ" ಎಂದರು.

ಎರಡು ವರ್ಷದಲ್ಲಿ ಮನುಷ್ಯ ಎಷ್ಟು ಮರೆಯುತ್ತಾನೆ ನೋಡಿ. ಆ ಗೋಡೆಯಲ್ಲಿ ಚೀಟಿಯ ಮಾತು ಯಾವುದು, ನನ್ನ ಮಾತು ಯಾವುದು ಎಂಬುದು ನನ್ನ ತಲೆಯಿಂದ ಒರೆಸಿಹೋಯಿತು. ಅಂಬಿಕಾ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು, ಇನ್ನು ಬಿ.ಕಾಂ. ಎಲ್ಲಿ ಓದಬೇಕು ಎಂಬ ಪ್ರಶ್ನೆ ಬಂದಾಗ ನಾನು ಎದೆ ತಟ್ಟಿಕೊಂಡು "ಹುಮನಾಬಾದ!" ಎಂದೆ. ಕಸ್ತೂರಿ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ, "ಊರಾಗ ನಡಕೊಂಡು ಹೋಗೂವಂಥಾ ಕಾಲೇಜ ಇರಲಾಕ ದಿನಾ ಬಸ್ಸಿನಾಗ ಯಾಕ ಕುಂಡ್ರಬೇಕ್ರಿ ಕೂಸು?" ಎಂದಳು. "ಅಲ್ಲಿ ದೊಡ್ಡ ಗ್ರಂಥಾಲಯ ಅದ. ಸಿಎ ತರಬೇತಿ ಅದ" ಎಂದೆ. ಮಗಳು ತಲೆ ಎತ್ತಿ ಕೇಳಿದಳು:

"ನಿಂಗ ಹ್ಯಾಂಗ ಗೊತ್ತಪ್ಪಾ?"

"ಗೋಡಿ ಮ್ಯಾಲ ಬರದದ."

"ಯಾರ ಬರದಾರ?"

"ನಾನ ಬರದೀನಿ. ನನಗ ಗೊತ್ತಿರಂಗಿಲ್ಲೇನು?"

ಅವಳು "ಪ್ರವೇಶ ಮುಗ್ಯಾಕ ನಾಕ ದಿನ ಅದ. ನಾಳಿ ಹೋಗಿ ನೋಡೇ ಬರೋಣು" ಎಂದಳು. ನಮ್ಮ ಕಡೆ ಮಗಳಿಗೆ ವರ ನೋಡಲು ಹೊರಟರೆ ಹುಡುಗನ ಮನೆಯ ಹಿತ್ತಲಿನವರೆಗೂ ಇಣುಕಿ ಬರುತ್ತೇವೆ. ಕಾಲೇಜು ನೋಡಲು ಮಾತ್ರ ಗೋಡೆ ಓದಿದರೆ ಸಾಕು ಎಂದುಕೊಂಡಿದ್ದೆ.

ಮರುದಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೇ ಸಿಕ್ಕಿತು. ಮೃಗಶಿರಾ ಮಳೆ ಒಂದೆರಡು ಹನಿ ಹಾಕಿ ಹೋಗಿತ್ತು. ಕರಿ ನೆಲದ ಮೇಲೆ ಮೋಡದ ನೆರಳು ಎತ್ತಲೋ ಹೊರಟಂತೆ ನಿಧಾನಕ್ಕೆ ಸಾಗುತ್ತಿತ್ತು. ರಾಜೇಶ್ವರ ಊರು ದಾಟುವಷ್ಟರಲ್ಲಿ ಅಂಬಿಕಾ ಬಿ.ಕಾಂ. ಮುಗಿಸಿದ್ದಳು. ಇನ್ನೊಂದು ನಾಲ್ಕು ಹೊಲ ದಾಟುವುದರೊಳಗೆ ಸಿಎ ಆಗಿ, ಅವಳ ಆಫೀಸಿನ ಬೋರ್ಡಿಗೆ ನೀಲಿ ಹಾಕಲೋ ಹಸಿರು ಹಾಕಲೋ ಎಂದು ನಾನು ತೊಳಲಾಡುತ್ತಿದ್ದೆ. ಕಂಡಕ್ಟರು ಹುಮನಾಬಾದ್ ಎಂದು ಕೂಗದೇ ಇದ್ದಿದ್ದರೆ ಹೈದರಾಬಾದಿನಲ್ಲೂ ಒಂದು ಶಾಖೆ ತೆರೆದುಬಿಡುತ್ತಿದ್ದೆ.

ಇಳಿದು ಗೋಡೆಯ ಮುಂದೆ ನಿಂತೆವು. ಬಣ್ಣ ಸ್ವಲ್ಪವೂ ಮಾಸಿರಲಿಲ್ಲ. ನಾನು ಹೆಮ್ಮೆಯಿಂದ ಒಂದೊಂದೇ ಸಾಲು ಓದಿದೆ. ಅಂಬಿಕಾ ನೋಟ್‌ಬುಕ್ಕಿನಲ್ಲಿ ಒಂದೊಂದನ್ನೇ ಬರೆದುಕೊಂಡು ಪಕ್ಕಕ್ಕೆ ಪುಟ್ಟ ಚೌಕ ಹಾಕಿದಳು. ಕಾಲೇಜಿನ ಆಫೀಸಿನಲ್ಲಿ ಒಬ್ಬ ಹಿರಿಯ ಗುಮಾಸ್ತರು ಕೂತಿದ್ದರು. ಬಹಳ ಸಜ್ಜನರು, ಮೊದಲು ನೀರು ಕೊಟ್ಟರು, ಆಮೇಲೆ ಮಾತು.

"ಗ್ರಂಥಾಲಯ ಎಲ್ಲದರಿ ಸರ್?" ಎಂದಳು ಅಂಬಿಕಾ.

ಅವರು ಮೂಲೆಯ ಕಬ್ಬಿಣದ ಕಪಾಟು ತೋರಿಸಿದರು. "ಅದರಾಗ ಅವ ನೋಡವ್ವ ಪುಸ್ತಕ. ಕೀಲಿ ಇದ್ದಾಂವ ರಜಾ ಮ್ಯಾಲ ಹೋಗ್ಯಾನ."

"ಮರದ ನೆರಳಿನಾಗ ಓದೂ ವ್ಯವಸ್ಥಾ?"

ಗುಮಾಸ್ತರು ಎದ್ದು ಕಿಟಕಿ ತೆರೆದರು. ಅಂಗಳದಲ್ಲಿ ಮೊಣಕಾಲೆತ್ತರದ ಬೇವಿನ ಸಸಿಯೊಂದು ಮುಳ್ಳುಬೇಲಿಯೊಳಗೆ ನಿಂತಿತ್ತು. "ಹೋದ ವರ್ಷ ಹಚ್ಚೀವ್ರಿ. ಹುಡುಗರು ಕೇಳಿ ಕೇಳಿ ಹೈರಾಣ ಮಾಡಿದ್ರು."

"ಸಿಎ ತರಬೇತಿ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಖರೇ ಹೇಳ್ತೀನವ್ವ, ನಮ್ಮ ಕಾಲೇಜಿನಾಗ ಅದು ಅದ ಅಂತ ನನಗೂ ಗೋಡಿ ನೋಡೇ ಗೊತ್ತಾಗ್ಯದ. ಯಾವ ಪುಣ್ಯಾತ್ಮ ಬರದಾನೋ ಏನೋ! ಹುಡಗಿ ಊರಿಂದ ಬರ್ತಾರ, ನಿರ್ಣಾ ಊರಿಂದ ಬರ್ತಾರ, ದಿನಾ ಒಬ್ಬರರ ಕೇಳಾಕತ್ತಾರ. ಅಂವ ಸಿಕ್ಕರ ಒಂದು ಕಪ್ ಚಹಾ ಕುಡಿಸಿ ಎರಡು ಬಾರಸಬೇಕು ಅಂತ ಭಾಳ ಆಸೆ ಅದ ನನಗ."

ಆಗ ನನಗೆ ಎಲ್ಲ ನೆನಪಾಯಿತು: ಚೀಟಿ, ಬ್ಯಾಂಡು, ಫೋನು, ಏಣಿ. ನಾನು ಮೇಲಿನ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಅಂಬಿಕಾ ನನ್ನ ಉಗುರಿನ ಸಂದಿಯ ಕೆಂಪು ಬಣ್ಣವನ್ನು ನೋಡಿದಳು. ನಾಲ್ಕು ಚೌಕಗಳಲ್ಲಿ ಮೂರಕ್ಕೆ ತಪ್ಪು ಗುರುತು ಹಾಕಿ, "ಶರಣ್ರಿ ಸರ್" ಎಂದು ಎದ್ದಳು.

ಹೊರಗೆ ಮೆಟ್ಟಿಲ ಮೇಲೆ ಅವಳದೇ ವಯಸ್ಸಿನ ಒಬ್ಬ ಹುಡುಗಿ ಕೂತು ಲೆಕ್ಕ ಮಾಡುತ್ತಿದ್ದಳು. "ನೀವೂ ಗೋಡಿ ಓದಿ ಬಂದೀರೇನ್ರಿ ಅಕ್ಕಾ?" ಎಂದು ತಾನೇ ಮಾತಾಡಿಸಿದಳು. ಊರು ಕೊಡಂಬಲ. ಮನೆಯವರು ಕುರಿ ಸಾಕುತ್ತಾರೆ. ಹೋದ ವರ್ಷ ಅಪ್ಪನೊಂದಿಗೆ ಬಂದಿದ್ದಳಂತೆ. ಹೆಣ್ಣುಮಗಳು ಇಷ್ಟು ದೂರ ಬಂದು ಓದುವುದು ಬೇಡ ಎನ್ನುತ್ತಿದ್ದ ಅಪ್ಪ, ಮಗಳಿಂದ ಗೋಡೆಯ ಕೊನೆಯ ಸಾಲು ಎರಡು ಸಲ ಓದಿಸಿಕೊಂಡು ಒಪ್ಪಿದನಂತೆ. "ನಿಮ್ಮ ಮಗಳನ್ನು ನಮ್ಮ ಮಗಳಂತೆ ನೋಡಿಕೊಳ್ಳುತ್ತೇವೆ" ಎಂದು ಅವಳು ಒಂದಕ್ಷರ ಬಿಡದೆ ಹೇಳಿದಳು. ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ನನಗೆ ಮೊದಲು ಆದದ್ದು ಹೆಮ್ಮೆ. ನಾಚಿಕೆ ಅದರ ಹಿಂದೆಯೇ ಬಂತು. ಬಂದದ್ದು ಮತ್ತೆ ಹೋಗಲಿಲ್ಲ.

"ಸರ್‌ಗಳು ಚೊಲೋ ಅದಾರ್ರಿ, ಖರೇನೇ ಮಗಳಂಗ ನೋಡ್ತಾರ. ಸಿಎ ಕ್ಲಾಸ್ ಒಂದು ಇಲ್ಲ. ಅದಕ್ಕೇ ಬಂದಿದ್ದೆ" ಎಂದಳು ಹುಡುಗಿ.

ಅಂಬಿಕಾ ನನ್ನ ಕಡೆ ತಿರುಗಿದಳು. "ಅವ್ವಾ, ಆ ಗೋಡಿ ಬರದಾಂವ ನಾನ. ಅವರು ಬರೀ ಅಂದಿದ್ದಿಲ್ಲ. ಜಾಗಾ ಉಳದಿತ್ತು, ನನ್ನ ಮನಸಿಗೆ ಬಂದದ್ದು ಬರದೆ" ಎಂದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಹುಡುಗಿ ಕಣ್ಣರಳಿಸಿ, "ಹೌದ್ರೀ ಕಾಕಾ? ಅಕ್ಷರ ಭಾಳ ಚಂದ ಅವರಿ" ಎಂದಳು. ಮೂವತ್ತು ವರ್ಷದಲ್ಲಿ ನನ್ನ ಅಕ್ಷರವನ್ನು ಎಷ್ಟೋ ಮಂದಿ ಹೊಗಳಿದ್ದಾರೆ. ಈ ಹುಡುಗಿಯ ಹೊಗಳಿಕೆಯಷ್ಟು ಯಾವುದೂ ಚುಚ್ಚಲಿಲ್ಲ.

ಹುಡುಗಿಯರಿಬ್ಬರೂ ಫೋನ್ ನಂಬರು ಬದಲಾಯಿಸಿಕೊಂಡರು. ತಿರುಗಿ ಬರುವಾಗ ಬಸ್ಸಿನಲ್ಲಿ ಅಂಬಿಕಾ ತಾನು ಮೊದಲೇ ಒಂದು ದಿನ ನಮ್ಮೂರ ಕಾಲೇಜಿಗೆ ಹೋಗಿ ನೋಡಿ ಬಂದದ್ದನ್ನು ಹೇಳಿದಳು. ಅಲ್ಲಿ ಲೆಕ್ಕ ಕಲಿಸುವ ಸರ್ ನಗುವುದೇ ಇಲ್ಲವಂತೆ, ಆದರೆ ಗಂಟೆ ಹೊಡೆದರೂ ಲೆಕ್ಕ ಮುಗಿಸದೆ ಹೊರಡುವುದಿಲ್ಲವಂತೆ. ಮೂರು ರ್‍ಯಾಕು ಪುಸ್ತಕ ಇವೆಯಂತೆ. ಅವಳು ಮುಟ್ಟಿ ಎಣಿಸಿ ಬಂದಿದ್ದಾಳೆ. ಬೇಕಾದ ಪುಟಗಳ ಫೋಟೋ ತೆಗೆದು ಕೊಡಂಬಲದವಳಿಗೂ ಕಳಿಸುತ್ತಾಳಂತೆ.

"ಹಂಗಾರ ಮೊದಲೇ ಯಾಕ ಹೇಳಲಿಲ್ಲವ್ವ?" ಎಂದೆ.

"ನೀ ಅಷ್ಟು ಚಂದ ಹೇಳಾಕತ್ತಿದ್ದೆಪ್ಪಾ. ಖರೇ ಇದ್ದರೂ ಇರಬಹುದು ಅನಿಸ್ತು" ಎಂದಳು. ಮತ್ತೆ, "ನಾನೂ ಆ ಕಿಟಕಿ ಬಾಜೂಕ ಕುಂತಂಗ ಅನಕೊಂಡಿದ್ದೆ" ಎಂದಳು.

ಮನೆಗೆ ಬಂದ ಮೇಲೆ ಅಂಬಿಕಾಳ ತೀರ್ಪು ಹೊರಬಿತ್ತು: ಆ ಮೂರು ಸಾಲು ಅಳಿಸಬೇಕು. ಕೊನೆಯದು ಖರೆ ಎಂದು ಕೊಡಂಬಲದವಳೇ ಸಾಕ್ಷಿ ಹೇಳಿದ್ದರಿಂದ ಅದಕ್ಕೆ ಮಾಫಿ. "ಪುರಾವೆ ಇಲ್ಲದ್ದ ಒಂದು ಸಾಲೂ ನಡ್ಯಂಗಿಲ್ಲಪ್ಪಾ, ಲೆಕ್ಕದಾಗ ಹಂಗ ಇರ್ತದ" ಎಂದಳು. ಎರಡು ಬಣ್ಣದ ನೆರಳು ಕೊಟ್ಟ ಅಕ್ಷರ, ಇನ್ನೊಮ್ಮೆ ಬರೆಯೆಂದರೆ ಬರುವುದಿಲ್ಲ ಎಂದು ಗೋಗರೆದೆ. ಕಸ್ತೂರಿ ನನ್ನ ಪರವಾಗಿ ಮಾತಾಡಬಹುದು ಎಂದು ಅವಳತ್ತ ನೋಡಿದೆ. ಅವಳು ಸುಣ್ಣದ ಬಕೀಟು ತಂದು ನನ್ನ ಮುಂದಿಟ್ಟಳು.

ಭಾನುವಾರ ಹೋದೆವು. ಅಂಬಿಕಾ ಜೊತೆಗೇ ಬಂದಳು. ನನ್ನೊಬ್ಬನನ್ನೇ ಖಾಲಿ ಗೋಡೆಯ ಹತ್ತಿರ ಬಿಡುವುದು ಅಪಾಯ ಎಂದು ಅವಳಿಗೆ ಗೊತ್ತು. ಗ್ರಂಥಾಲಯ ಹೋಯಿತು, ಮರ ಹೋಯಿತು, ತರಬೇತಿಯೂ ಹೋಯಿತು. ಬಿಸಿಲಿಗೆ ಸುಣ್ಣ ಬೇಗ ಒಣಗಿ ಗೋಡೆ ಬೆಳ್ಳಗೆ ಹೊಳೆಯಿತು. ಅವಳು ನೀರಿನ ಬಾಟಲಿ ತರಲು ಹೋಗಿ ಬರುವಷ್ಟರಲ್ಲಿ ನನ್ನ ಕೈಗೆ ಇದ್ದಲಿ ಚೂರು ಹೇಗೆ ಬಂತೋ, ಏಣಿಯ ಮೇಲೆ ನಾನು ಎಲ್ಲಿದ್ದೆನೋ, ಶಿವನಾಣೆ ಗೊತ್ತಿಲ್ಲ. ಗೋಡೆಯ ಮೇಲೆ ದುಂಡಗೆ ಮೂಡಿತ್ತು: 'ಕುಮಾರಿ ಅಂಬಿಕಾ, ಸಿಎ'.

"ಅಪ್ಪಾ!" ಎಂದಳು ಕೆಳಗಿನಿಂದ. "ಇಳಿ ಕೆಳಗ."

ಇಳಿದೆ. ಅವಳು ಬ್ರಷ್ ಕಿತ್ತುಕೊಂಡು ತಾನೇ ಏಣಿ ಹತ್ತಿದಳು. ಮೊದಲು 'ಸಿಎ' ಮೇಲೆ ಸುಣ್ಣ ಬಳಿದಳು. "ಹೆಸರರ ಇರಲಿ ಬಿಡವ್ವ, ಅದು ಖರೇನೇ ಅದಲ್ಲ" ಎಂದೆ. "ಹೆಸರು ಖರೇ ಅದ. ಗೋಡಿ ನಮ್ಮದಲ್ಲ" ಎಂದು ಅದನ್ನೂ ಬಳಿದಳು. ಬ್ರಷ್ ಹಿಡಿದು ಗೊತ್ತಿಲ್ಲದ ಕೈ. ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ, ಇದ್ದಲಿಯೆಲ್ಲ ಸುಣ್ಣಕ್ಕೆ ಕಲೆಸಿ, ಕರು ನೆಕ್ಕಿ ಹೋದಂತೆ ಬೂದು ಬೂದಾಗಿ ಕಾಣುತ್ತಿತ್ತು. ಬೇರೆ ಯಾರಾದರೂ ಹಾಗೆ ಬಳಿದಿದ್ದರೆ ಕೈ ಹಿಡಿದು ಕೆಳಗಿಳಿಸುತ್ತಿದ್ದೆ.

ಅವಳು ಇಳಿದು, ಓಢಣಿಯಿಂದ ಬೆವರು ಒರೆಸಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. "ಚೊಲೋ ಬಳದೀನಲ್ಲಪ್ಪಾ?"

"ಭಾಳ ಚೊಲೋ ಆಗ್ಯದವ್ವ. ಎಲ್ಲಿಯೂ ಒಂದು ಕಲೆನೂ ಕಾಣಂಗಿಲ್ಲ" ಎಂದೆ.

ಅದಕ್ಕೆ ಮಾತ್ರ ಅವಳು ಪುರಾವೆ ಕೇಳಲಿಲ್ಲ.