ಮಡಿಯುಟ್ಟ ಮೋಟಾರು

ನಮ್ಮ ಮನೆಯ ಕೊನೆಯ ಸಾಧಾರಣ ದಿನ ಯಾವುದೆಂದು ಯಾರಾದರೂ ಕೇಳಿದರೆ ನಾನು ತಡವರಿಸದೆ ಹೇಳಬಲ್ಲೆ: ಮೋಟಾರು ಬರುವ ಹಿಂದಿನ ದಿನ. ಆ ದಿನ ನಮ್ಮ ಅತ್ಯಾ ಹಿತ್ತಲಲ್ಲಿ ಸಂಡಿಗೆ ಒಣಗಿಸಿದಳು, ಕಾಗೆಗಳನ್ನು ಅವುಗಳ ತಾಯಿತಂದೆ ಸಮೇತ ಬೈದಳು, ಮಧ್ಯಾಹ್ನ ತನ್ನ ಒಂದು ಹೊತ್ತಿನ ಊಟ ಮಾಡಿದಳು, ಸಂಜೆ ತುಳಸಿಗೆ ದೀಪ ಹಚ್ಚಿ ಜಪಕ್ಕೆ ಕೂತಳು. ಎಂಥ ಶಾಂತವಾದ ದಿನ! ಮರುದಿನದಿಂದ ಆಕೆ ಧಾರವಾಡದಲ್ಲಿ ಮಾತ್ರವಲ್ಲ, ಇಡೀ ಮುಂಬೈ ಇಲಾಖೆಯಲ್ಲೇ ಮೋಟಾರಿಗೆ ಮಡಿ ಉಡಿಸಿದ ಮೊದಲನೆಯ ಹೆಂಗಸಾಗುವ ದಾರಿ ಹಿಡಿದಳು. ಎರಡನೆಯವಳು ಇನ್ನೂ ಹುಟ್ಟಿದಂತಿಲ್ಲ.

ಅತ್ಯಾ ಎಂದರೆ ನನ್ನ ತಂದೆಯ ಅಕ್ಕ. ಹೆಸರು ಹೇಳುವುದಿಲ್ಲ, ಬದುಕಿದ್ದಾಗ ಆಕೆಯನ್ನು ಹೆಸರಿನಿಂದ ಕರೆದವರೂ ಯಾರೂ ಇರಲಿಲ್ಲ. ಗೊಂಬೆಯಾಟದ ವಯಸ್ಸಿಗೆ ಲಗ್ನವಾಗಿ, ಆ ಆಟ ಮುಗಿಯುವುದರೊಳಗೆ ಗಂಡ ತೀರಿಕೊಂಡು ತವರಿಗೆ ಬಂದವಳು. ಕೆಂಪು ಸೀರೆ, ಬೋಳು ತಲೆಯ ಮೇಲೆ ಸೆರಗು. ಆಕೆಯ ಕೋಣೆಯಲ್ಲಿ ಒಂದು ಚಾಪೆ, ಒಂದು ತಾಮ್ರದ ತಂಬಿಗೆ, ಒಂದು ಜಪಮಾಲೆ ಇದ್ದವು. ಕನ್ನಡಿ ಇರಲಿಲ್ಲ. ಮಡಿ ಹೆಂಗಸಿನ ಕೋಣೆಯಲ್ಲಿ ಕನ್ನಡಿ ಯಾಕಿಲ್ಲ ಎಂದು ಆ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ.

ಅಪ್ಪ ವಕೀಲರು. ಧಾರವಾಡದಿಂದ ಹುಬ್ಬಳ್ಳಿಯ ಕೋರ್ಟಿಗೆ ಓಡಾಡಿ ಬೇಸತ್ತು, ಊರಿಗೆ ಮರಳುತ್ತಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರನ ಹಳೆಯ ಮೋಟಾರನ್ನು ಕೊಂಡರು. ಬಣ್ಣ ಕಪ್ಪು ಎಂದು ಅವರು ಹೇಳುತ್ತಿದ್ದರು. ನಮಗೆ ಕಂಡದ್ದು ಬೂದುಗುಂಬಳಕಾಯಿ! ಬಿಸಿಲಿಗೆ ನಿಂತೂ ನಿಂತೂ ಅದರ ಮೈಮೇಲೆ ಬೂದಿ ಕಟ್ಟಿತ್ತು, ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು. ಅವ್ವ ಆರತಿ ಮಾಡಿದಳು. ಅತ್ಯಾ ಹೊಸ್ತಿಲಲ್ಲೇ ನಿಂತು ಮೋಟಾರನ್ನು ಮೇಲಿಂದ ಕೆಳಗೆ ನೋಡಿದಳು.

"ತಮ್ಮಾ, ಇದರ ಮೈ ಒಡದದಲ್ಲೋ! ಎಣ್ಣಿ ಹಚ್ಚಿ ಎಷ್ಟ ವರ್ಷ ಆತು?"

"ಅಕ್ಕಾ, ಅದು ಮೋಟಾರ. ಎಣ್ಣಿ ಒಳಗ ಹಾಕ್ತಾರ, ಹೊರಗ ಹಚ್ಚೂದಿಲ್ಲ."

"ಒಳಗ ನೀ ಏನರೆ ಹಾಕ್ಕೋ. ಮೈ ನನಗ ಬಿಡು. ವೈಶಾಖದಾಗ ನಮ್ಮ ಹುಡುಗಿ ಇದರಾಗ ಕೂತು ಗಂಡನ ಮನಿಗೆ ಹೋಗಾಕಿ. ಬೂದಿ ಬಡಕೊಂಡ ಗಾಡ್ಯಾಗ ನಾ ಕಳಸಂಗಿಲ್ಲ. ಕನ್ನಡಿಹಂಗ ಹೊಳೀಬೇಕು!"

ಹುಡುಗಿ ಎಂದರೆ ನಾನು. ಹುಬ್ಬಳ್ಳಿಯ ವರನೊಂದಿಗೆ ನನ್ನ ಲಗ್ನ ನಿಶ್ಚಯವಾಗಿತ್ತು. ಹುಟ್ಟಿದಾಗಿನಿಂದ ನನ್ನನ್ನು ಎತ್ತಿ ಬೆಳೆಸಿದವಳು ಅತ್ಯಾ. ಆದರೆ ಲಗ್ನದ ಮಂಟಪಕ್ಕೆ ಆಕೆ ಬರುವಂತಿರಲಿಲ್ಲ, ನನಗೆ ಅರಿಶಿನ ಹಚ್ಚುವಂತಿರಲಿಲ್ಲ, ಉಡಿ ತುಂಬುವಂತಿರಲಿಲ್ಲ. ಆಕೆಯ ಕೈ ತಾಗಿ ನನ್ನ ಜೊತೆಗೆ ಬರಬಹುದಾದದ್ದು ಆ ಮೋಟಾರು ಒಂದೇ. ಒಳಗಿನ ಸೀಟು ಚರ್ಮದ್ದು, ಆದ್ದರಿಂದ ಮಡಿಯವಳು ಅದರ ಮೇಲೆ ಕೂಡುವ ಮಾತೇ ಇಲ್ಲ. ಅತ್ಯಾ ಹೊರಮೈಯ ಒಡತಿಯಾದಳು.

ಮೊದಲ ಶನಿವಾರವೇ ಮೋಟಾರಿಗೆ ಅಭ್ಯಂಗ! ಬೆಚ್ಚಗೆ ಕಾಸಿದ ಹರಳೆಣ್ಣೆ, ಆಮೇಲೆ ಕಡಲೆ ಹಿಟ್ಟು, ಕೊನೆಗೆ ಸೀಗೇಕಾಯಿ. ಕೂಸಿನ ಮೈಗೆ ನಡೆಯುವುದು ಇದಕ್ಕೆ ಯಾಕೆ ನಡೆಯಬಾರದು? ನೆತ್ತಿಯಿಂದ ಗಾಲಿಯವರೆಗೆ ಎಣ್ಣೆ ತಿಕ್ಕಿ, "ಚೊಲೊತ್ನ್ಯಾಗ ನೆನೀಲಿ" ಎಂದು ಅತ್ಯಾ ಪೂಜೆಗೆ ಹೋದಳು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಕಕ್ಷಿಗಾರನೊಬ್ಬನ ತುರ್ತು ಕರೆ ಬಂತು. ಅಪ್ಪ ಹಿಂದುಮುಂದು ನೋಡದೆ ಗಾಡಿ ಹತ್ತಿ ಹೊರಟೇಬಿಟ್ಟರು.

ನಮ್ಮ ಕಡೆಯ ಮಣ್ಣು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಧಾರವಾಡದ ಕೆಂಪು ಧೂಳು ಮೊದಲು ಹತ್ತಿತು. ರಾಯಾಪುರ ದಾಟಿದ ಮೇಲೆ ಕರಿ ಹೊಲದ ಧೂಳು ಅದರ ಮೇಲೆ ಕೂತಿತು. ಎಣ್ಣೆ ಎರಡನ್ನೂ ಪ್ರೀತಿಯಿಂದ ಅಪ್ಪಿಕೊಂಡಿತು. ಹುಬ್ಬಳ್ಳಿಯಲ್ಲಿ ಅಪ್ಪನ ಸ್ನೇಹಿತರಾದ ವಕೀಲರೊಬ್ಬರು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿ ಕೇಳಿದರಂತೆ:

"ಏನ್ರಿ, ರಸ್ತಾ ಬಿಟ್ಟು ಹೊಲಾ ಉಳಕೋತ ಬಂದ್ರೇನು? ಏನ ಬಿತ್ತೀರಿ?"

ಮನೆಗೆ ಬಂದ ಅಪ್ಪನ ಮುಖ ಮೋಟಾರಿಗಿಂತ ಕೆಂಪಾಗಿತ್ತು. ಅತ್ಯಾ ಮಾತ್ರ ಅವರಿಗಿಂತ ಮೊದಲು ಬಾಯಿ ಮಾಡಿದಳು: "ಎಣ್ಣಿ ಹಚ್ಚಿದ ಕೂಸನ್ನ ನೀರ ಎರಿಯೂಕಿಂತ ಮೊದಲ ಊರ ತಿರಗಾಕ ಯಾರು ಒಯ್ಯತಾರೋ?"

ಆ ಮಣ್ಣಿನ ಗಿಲಾವು ತೆಗೆಯುವುದಕ್ಕೆ ಮನೆಮಂದಿಯೆಲ್ಲ ಬೇಕಾಯಿತು. ಅಲ್ಲಿಗೆ ಮುಗಿಯಿತೇ? ಎಲ್ಲಿಯ ಮಾತು! ಹಿತ್ತಾಳೆಯ ಕೊಡಕ್ಕೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದರೆ ಹೇಗೆ ಹೊಳೆಯುತ್ತದೆ! ಅತ್ಯಾ ಅದನ್ನು ಮೊದಲು ಮೋಟಾರಿನ ದೀಪಗಳ ಸುತ್ತಲಿನ ಹಿತ್ತಾಳೆ ಬಳೆಗಳ ಮೇಲೆ ಪ್ರಯೋಗಿಸಿದಳು. ಅವು ಹೊಳೆದವು. ಅದೇ ಹುರುಪಿನಲ್ಲಿ ಗಾಡಿಯ ಹಿಂದಿನ ಬಾಗಿಲಿಗೂ ಕೈ ಹಾಕಿದಳು. ನಾವು ಅಡುಗೆಮನೆಯಲ್ಲಿದ್ದೆವು. ಹೊರಗೆ ನಾರಿನ ಸಪ್ಪಳ ಬಿರುಸಾಗಿ ನಡೆದಿತ್ತು, ಒಮ್ಮೆಲೇ ನಿಂತಿತು. ಓಡಿ ಹೋಗಿ ನೋಡಿದರೆ, ಬಾಗಿಲಿನ ನಟ್ಟನಡುವೆ ಊಟದ ತಟ್ಟೆಯಷ್ಟು ಅಗಲ ಬಣ್ಣವೇ ಇಲ್ಲ! ತಗಡು ಬಿಳಿಚಿಕೊಂಡು ನಮ್ಮನ್ನೇ ನೋಡುತ್ತಿದೆ! ಅವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಅಕ್ಕಾ! ಏನ ಮಾಡಿದೀ ಇದು!" ಅಪ್ಪನ ದನಿ ಓಣಿಯ ತುದಿಯವರೆಗೆ ಕೇಳಿತು.

ಅತ್ಯಾ ಕೈಯಲ್ಲಿನ ನಾರನ್ನು ನೋಡಿದಳು, ಬಾಗಿಲನ್ನು ನೋಡಿದಳು. "ಬೋಳ ಆತಲ್ಲೋ ತಮ್ಮಾ," ಎಂದಳು. ಅಷ್ಟು ಸಣ್ಣ ದನಿ ಆಕೆಯ ಗಂಟಲಲ್ಲಿ ಇದೆಯೆಂದು ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಸಾಕು ಬಿಡು. ಲಗ್ನಕ್ಕ ಈ ಗಾಡಿ ಬ್ಯಾಡ. ಹುಬ್ಬಳ್ಳಿಂದ ಬ್ಯಾರೆ ಮೋಟಾರ ತರಸ್ತೇನಿ."

ಆ ದಿನ ಏಕಾದಶಿಯಾಗಿರಲಿಲ್ಲ. ಆದರೂ ಅತ್ಯಾ ಊಟ ಮಾಡಲಿಲ್ಲ.

ಅಪ್ಪನ ಸಿಟ್ಟು ಇಳಿದ ಮೇಲೆ ಹುಬ್ಬಳ್ಳಿಯಿಂದ ಪೇಂಟರ್ ಸಾಹೇಬರು ಬಂದರು. ಟಾಂಗಾಗಳಿಗೆ ಹೂಬಳ್ಳಿ ಬರೆದು ಹೆಸರಾದವರು. ಬೋಳು ಬಾಗಿಲಿಗೆ ಒಂದರ ಮೇಲೊಂದು ಕೋಟು ಬಣ್ಣ ಕೊಟ್ಟರು, ನಡುನಡುವೆ ಉಜ್ಜಿದರು, ಮತ್ತೆ ಕೊಟ್ಟರು. ಅದರ ಮೇಲೆ ಒಂದು ಜೋಡಿ ನವಿಲು ಬರೆಯುತ್ತೇನೆಂದು ಅಪ್ಪನ ಬೆನ್ನು ಹತ್ತಿದರು. ನವಿಲಿನ ಗಂಡಾಂತರ ಕಷ್ಟದಿಂದ ತಪ್ಪಿತು! ಅತ್ಯಾ ಮನೆಯ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಪರಗಂಡಸಿನೊಡನೆ ನೇರ ಮಾತಾಡುವ ರೂಢಿ ಇಲ್ಲ. ಹಾಗಾಗಿ ನಾನು ನಡುವೆ ನಿಂತ ತಂತಿಕಂಬ.

"ಕೇಳ ಅವರಿಗೆ, ಮೈ ತೊಳಿಯೂದು ಹೆಂಗಂತ."

ಸಾಹೇಬರು ಮಾರು ದೂರದಲ್ಲೇ ಇದ್ದರು, ಕಿವಿಯೂ ಚುರುಕಾಗಿತ್ತು. ಆದರೂ ನಾನು ಕೇಳಿದ ಮೇಲೆಯೇ ಉತ್ತರ ಕೊಡುತ್ತಿದ್ದರು.

"ಹೇಳ್ರಿ ಅಮ್ಮಾರಿಗೆ, ಮೊದಲ ಬರೇ ನೀರು ಸುರೀಬೇಕು. ಧೂಳಿ ತಾನಾಗೇ ಇಳೀಬೇಕು. ಧೂಳಿ ಮ್ಯಾಲ ಅರಿವಿ ಎಳದ್ರ ಗೀರ ಬೀಳ್ತಾವ."

"ಅತ್ಯಾ, ಮೊದಲ ನೀರಂತ."

"ಕೇಳೇತಿ ಬಿಡು. ಮುಂದ?"

"ಮ್ಯಾಲಿಂದ ಕೆಳಗ ಬರಬೇಕ್ರಿ. ನೆತ್ತಿಗೆ ಒಂದ ಅರಿವಿ, ಮೈಗೆ ಒಂದು, ಗಾಲಿಗೆ ಒಂದು. ಗಾಲೀದು ತಪ್ಪೀನೂ ಮ್ಯಾಲ ತಾಗಬಾರದು. ತೊಳದ ಮ್ಯಾಲ ಯಾರೂ ಕೈ ಹಚ್ಚಬಾರದು."

ಆಗ ನಡೆದದ್ದನ್ನು ನೆನೆದರೆ ಈಗಲೂ ನನಗೆ ದಿಗಿಲಾಗುತ್ತದೆ. ಅತ್ಯಾ ಮರೆ ಬಿಟ್ಟು ದಡದಡನೆ ಅಂಗಳಕ್ಕೆ ಇಳಿದಳು. ಸಾಹೇಬರ ಎದುರಿಗೇ ನಿಂತಳು!

"ಅಲ್ರೀ, ಇದು ಮಡಿನೇ ಅಲ್ಲೇನು? ಹುಟ್ಟಿದಾಗಿಂದ ನಾ ಇದನ್ನ ಮಾಡಕೋತ ಬಂದೇನಿ! ಮೊದಲ ಹೇಳಬಾರದಿತ್ತೇನ್ರಿ?"

ಸಾಹೇಬರು ಬ್ರಷ್ ಕೆಳಗಿಟ್ಟರು. "ಮೊದಲ ನನಗ ಕರದೇ ಇಲ್ಲಲ್ರಿ ಅಮ್ಮಾರ," ಎಂದರು.

ಅಂದಿನಿಂದ ಮೋಟಾರು ಮಡಿಗೆ ಬಿತ್ತು. ಹಳೆಯ ಧೋತರದ ಮೂರು ಅರಿವೆಗಳು ಮೂರು ಬೇರೆ ಹಗ್ಗದ ಮೇಲೆ, ಯಾರ ಕೈಗೂ ಎಟುಕದ ಎತ್ತರದಲ್ಲಿ ಒಣಗತೊಡಗಿದವು. ಕೋಲಿನಿಂದ ತೆಗೆಯಬೇಕು, ಕೋಲಿನಿಂದ ಹಾಕಬೇಕು. ಅತ್ಯಾ ತಾನು ಮಿಂದು ಒದ್ದೆ ಸೀರೆಯಲ್ಲೇ ಬಾವಿಯ ನೀರು ಸೇದಿ ಮೋಟಾರಿಗೆ ಸುರಿಯುವಳು. ಮೊದಲು ನೀರು, ಆಮೇಲೆ ಕೈ. ಬೇವಿನ ನೆರಳು ಸರಿಯುವುದರೊಳಗೆ ಒರೆಸಿ ಮುಗಿಸಬೇಕು. ಮೋಟಾರು ನೋಡಲು ಬಂದ ನೆರೆಹೊರೆಯವರು ಕುತೂಹಲದಿಂದ ಬೆರಳು ಚಾಚಿದರೆ ಸಾಕು, ಒಳಗಿನಿಂದ ಕೂಗು: "ದೂರ ಸರೀರಿ! ಮೋಟಾರ ಮಡೀಲೆ ಅದ!"

ಹೊರಗಿನವರ ಪಾಡು ಹೋಗಲಿ, ಅಪ್ಪ?

"ಅಕ್ಕಾ, ಕೋರ್ಟಿಗೆ ಹೊತ್ತಾತು. ಕೂಡಲೇನು?"

"ಸ್ನಾನ ಆಗೇದೇನು?"

"ಆಗೇದ."

"ಕೈ ತೋರಸು. ಅಯ್ಯ, ಬೆರಳಿಗೆಲ್ಲಾ ಶಾಯಿ! ಅಲ್ಲೇ ನಿಂದ್ರು."

"ಅಕ್ಕಾ, ನಾ ಇದರ ಮಾಲಕ!"

"ಮಾಲಕ ಆದ್ರ ಬೆರಳಿನ ಗುರ್ತ ಮೂಡೂದಿಲ್ಲೇನು?"

ಆ ಬೇಸಿಗೆಯಲ್ಲಿ ಧಾರವಾಡದ ಜನ ಒಂದು ಸೋಜಿಗ ಕಂಡರು. ಮೋಟಾರಿದ್ದ ವಕೀಲರು ಕಚೇರಿಗೆ ಟಾಂಗಾದಲ್ಲಿ ಹೋಗುತ್ತಿದ್ದರು.

ಬಣ್ಣದ ಬೂದಿ ಹೋಗಲು ಸಾಹೇಬರು ನುಣುಪಾದ ಒಂದು ಪುಡಿ ತಂದುಕೊಟ್ಟರು, ಅದರ ಮೇಲೆ ಹಚ್ಚಲು ಡಬ್ಬಿಯಲ್ಲಿ ಮೇಣ. ಡಬ್ಬಿಯನ್ನು ಅವರು ಮೆಟ್ಟಿಲ ಮೇಲೆ ಇಡುವರು. ಅತ್ಯಾ ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಳ್ಳುವಳು. ಇಬ್ಬರೂ ಇದನ್ನು ಏನೂ ಅಲ್ಲವೆಂಬಂತೆ ಮಾಡುತ್ತಿದ್ದರು. ಒಂದು ದಿನ ಬಾನೆಟ್ಟಿಗೆ ಮೇಣ ಹಚ್ಚಿ ಅರ್ಧ ಆಗಿತ್ತು. ನೆರಳು ಎಂದಿಗಿಂತ ಬೇಗ ಸರಿಯಿತು. ಬಿಸಿಲು ತಾಗಿದರೆ ಮೇಣ ಕಲೆಗಟ್ಟುತ್ತದೆಂದು ಅತ್ಯಾಳಿಗೆ ಗೊತ್ತು. ಒರೆಸುವ ಅರಿವೆ ಸಾಹೇಬರ ಕೈಯಲ್ಲಿ ಉಳಿದಿತ್ತು. ಅವರು ರೂಢಿಯಂತೆ ಅದನ್ನು ಇಡಲು ಮೆಟ್ಟಿಲ ಕಡೆ ಹೊರಟರು.

"ಅಯ್ಯ, ಎಲ್ಲಿ ಹೊಂಟ್ರಿ! ಕೊಡ್ರಿ ಲಗೂ! ಬಿಸಲ ಬಂತು!"

ಅವರ ಕೈಯಿಂದಲೇ ಕಸಿದುಕೊಂಡಳು! ಅವ್ವನ ಕೈಯಲ್ಲಿದ್ದ ಮೊರ ಓರೆಯಾಗಿ ಅಕ್ಕಿ ಸುರಿಯುತ್ತಿತ್ತು. ಅದು ಅವ್ವನಿಗೂ ಗೊತ್ತಾಗಲಿಲ್ಲ. ಸಾಹೇಬರು ಬರಿದಾದ ಕೈಯನ್ನು ಹಾಗೆಯೇ ಚಾಚಿಕೊಂಡು ನಿಂತಿದ್ದರು. ಆಮೇಲೆ ಅತ್ಯಾ ಬಾವಿಗೆ ಹೋಗಿ ಮತ್ತೊಮ್ಮೆ ಸ್ನಾನ ಮಾಡಿದಳು, ಅದೂ ಖರೆ. ಆದರೆ ಬಾನೆಟ್ಟು ಪೂರ್ತಿ ಮುಗಿದ ಮೇಲೆ!

ಲಗ್ನಕ್ಕೆ ಕೆಲವೇ ದಿನ ಉಳಿದಾಗ ಅಪ್ಪ ಕಚೇರಿಯಿಂದ ಬಂದು ಅಂಗಳದಲ್ಲಿ ನಿಂತರು. ಮೋಟಾರು ಕಪ್ಪಾಗಿತ್ತು. ಮಾತಿಗೆ ಹೇಳುವ ಕಪ್ಪಲ್ಲ. ಬೇವಿನ ಒಂದೊಂದು ಎಲೆಯೂ ಅದರಲ್ಲಿ ಅಲುಗುತ್ತಿತ್ತು. ಅಪ್ಪ ಅದರ ಸುತ್ತ ಒಂದು ಸುತ್ತು ಬಂದು, "ಹುಬ್ಬಳ್ಳಿ ಗಾಡಿ ಬ್ಯಾಡಂತ ಹೇಳಿ ಕಳಸ್ತೇನಿ," ಎಂದರು. ಅತ್ಯಾ ಕೇಳಿಸದವಳಂತೆ ಗಾಲಿ ಒರೆಸುತ್ತಿದ್ದಳು. ಆ ರಾತ್ರಿ ಫಲಾಹಾರಕ್ಕೆ ಎರಡು ಬಾಳೆಹಣ್ಣು ಹೆಚ್ಚಿಗೆ ತಿಂದಳೆಂದು ಅವ್ವ ಹೇಳಿದಳು.

ಲಗ್ನದ ದಿನ ನಸುಕಿನಲ್ಲಿ ನಾನು ಎದ್ದು ಅಂಗಳಕ್ಕೆ ಬಂದೆ. ಶುಭದ ದಿನ ಮಡಿ ಹೆಂಗಸಿನ ಮುಖ ಮೊದಲು ನೋಡಬಾರದೆಂದು ಅತ್ಯಾಳೇ ನನಗೆ ಹತ್ತು ಸಲ ಹೇಳಿ, ಹಿತ್ತಲ ಕೋಣೆಯಲ್ಲೇ ಇರುವುದಾಗಿ ಮಾತು ಕೊಟ್ಟಿದ್ದಳು. ನೋಡಿದರೆ ಅವಳೇ ಮೋಟಾರಿನ ಹತ್ತಿರ ನಿಂತಿದ್ದಳು! ಹಿಂದೊಮ್ಮೆ ಬೋಳಾಗಿದ್ದ ಅದೇ ಬಾಗಿಲ ಮುಂದೆ. ಸೆರಗು ಹೆಗಲಿಗೆ ಜಾರಿತ್ತು. ಬೆರಳಿನಿಂದ ತನ್ನ ಕೆನ್ನೆಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಅತ್ಯಾ?"

ಅವಳು ತಿರುಗಲಿಲ್ಲ. ಬಾಗಿಲಲ್ಲೇ ನನ್ನನ್ನು ನೋಡಿದಳು.

"ಬಾ ಇಲ್ಲೆ. ಕೊಡದಾಗ ನೋಡಿದ್ರ ಮೂಗ ದೊಡ್ಡದಾಗ್ತದ, ಬಾವ್ಯಾಗ ನೋಡಿದ್ರ ಮಾರಿ ನಡಗತದ. ಇದರಾಗ ನೆಟ್ಟಗ ಕಾಣಸ್ತದ ನೋಡು." ಬಾಗಿಲಿಗೆ ಇನ್ನಷ್ಟು ಬಾಗಿ ಹೇಳಿದಳು: "ನಾ ನಮ್ಮ ಅವ್ವನಂಗ ಆಗೇನಲ್ಲೇ! ಥೇಟ ನಮ್ಮ ಅವ್ವ. ಯಾರೂ ಹೇಳಲೇ ಇಲ್ಲಲ್ಲ ನನಗ?"

ಹತ್ತಿರ ಹೋಗಿ ಪಕ್ಕದಲ್ಲಿ ನಿಂತೆ. ಬಾಗಿಲಲ್ಲಿ ಇಬ್ಬರ ಮುಖಗಳೂ ಕಂಡವು. ನನಗೆ ಅಳು ಬಂತು.

"ಅದರ ಮ್ಯಾಲ ಉಸರ ಬಿಡಬ್ಯಾಡವಾ," ಎಂದಳು ಅತ್ಯಾ. "ಮಬ್ಬ ಬೀಳ್ತದ."

ಸಂಜೆ ಹೊರಡುವ ಮೊದಲು ಮನೆಯ ಮುಂದೆ ಫೋಟೋ ತೆಗೆದರು. ನಾನು, ನಮ್ಮವರು, ಅಪ್ಪ, ಅವ್ವ, ಮೋಟಾರು. ಅತ್ಯಾ ಫೋಟೋದವನ ಬೆನ್ನ ಹಿಂದೆ ನಿಂತು, "ಮಡ್‌ಗಾರ್ಡಿಗೆ ಕೈ ಹಚ್ಚಬ್ಯಾಡೋ!" ಎಂದು ಅವನನ್ನು ಹೆದರಿಸುತ್ತಿದ್ದಳು. ನಾನು ಕರೆದೆ.

"ಅತ್ಯಾ, ನೀನೂ ಬಾ."

"ಮದುವಿ ಫೋಟೋದಾಗ ನಾನೇ? ಹುಚ್ಚೀ! ಗಾಡಿ ಬಂದ್ರ ಸಾಕು, ನಾ ಬಂದಂಗ."

ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಎರಡೂ ಊರಿನ ಧೂಳು ಮೋಟಾರಿನ ಮೇಲಿತ್ತು. ಗಂಡನ ಮನೆಯವರೊಬ್ಬರು ಪ್ರೀತಿಯಿಂದ ಒಣ ಅರಿವೆ ಹಿಡಿದು ಒರೆಸಲು ಬಂದರು. ತಲೆ ತಗ್ಗಿಸಿ ಕೂತಿದ್ದ ಹೊಸ ಸೊಸೆ ಆ ಮನೆಯಲ್ಲಿ ಆಡಿದ ಮೊದಲ ಮಾತು ಇದು: "ಮುಟ್ಟಬ್ಯಾಡ್ರಿ! ಮೊದಲ ನೀರ ಹಾಕ್ರಿ!" ಅತ್ತೆಯವರು ಇಂದಿಗೂ ಅದನ್ನು ಬಂದವರಿಗೆಲ್ಲ ಹೇಳುತ್ತಾರೆ.

ಆಮೇಲೆ ಯುದ್ಧ ಬಂತು, ಪೆಟ್ರೋಲು ಸಿಗದಂತಾಯಿತು. ಅಪ್ಪ ಮೋಟಾರನ್ನು ಮಾರಿದರು. ಹೋದ ಶ್ರಾವಣದಲ್ಲಿ ಅತ್ಯಾ ತೀರಿಕೊಂಡಳು. ಜ್ವರ ಬಂದು ಎರಡು ದಿನವೂ ಆಗಿರಲಿಲ್ಲ. ನಾನು ಹುಬ್ಬಳ್ಳಿಯಿಂದ ಹೋಗುವುದರೊಳಗೆ ಎಲ್ಲವೂ ಮುಗಿದಿತ್ತು.

ಗೋಡೆಗೆ ಹಾಕಲು ಅಪ್ಪ ಫೋಟೋ ಹುಡುಕಿದರು. ಪೆಟ್ಟಿಗೆ, ಕಪಾಟು ಎಲ್ಲ ತೆಗೆದೆವು. ಸಿಕ್ಕದ್ದು ನನ್ನ ಲಗ್ನದ್ದು ಒಂದೇ. ಅಪ್ಪ ಓದುವ ಭೂತಗನ್ನಡಿ ಹಿಡಿದು ಮೋಟಾರಿನ ಬಾಗಿಲನ್ನು ನೋಡಿದರು, ಆಮೇಲೆ ನನ್ನ ಕೈಗೆ ಕೊಟ್ಟರು. ಬಾಗಿಲಲ್ಲಿ ಬೇವಿನ ಮರ ಕಾಣುತ್ತದೆ. ಮುಗಿಲು ಕಾಣುತ್ತದೆ. ಫೋಟೋದವನ ಮೂರು ಕಾಲಿನ ಪೆಟ್ಟಿಗೆ, ಅವನು ಹೊದ್ದ ಕರಿ ಬಟ್ಟೆ ಕಾಣುತ್ತವೆ. ಅತ್ಯಾ ಆಗ ಅವನ ಬೆನ್ನ ಮರೆಯಲ್ಲಿ ನಿಂತಿದ್ದಳು.

ಅತ್ಯಾಳ ಫೋಟೋ ನಮ್ಮಲ್ಲಿ ಒಂದೂ ಇಲ್ಲ.